ಹೆಗಲ ರಜ್ಜು ಹರಿದರೆ ಹೊಲಿಗೆ ಯಾರಿಗೆ?

ಪ್ರಶ್ನೆ: ತಂದೆಗೆ 62 ವರ್ಷ, ಅಡಿಕೆ ಬೆಳೆಗಾರರು, ಸಕ್ಕರೆ ಕಾಯಿಲೆ ಇದೆ. ಎರಡು ತಿಂಗಳ ಹಿಂದೆ ತೋಟದಲ್ಲಿ ಜಾರಿ ಬಿದ್ದಾಗಿನಿಂದ ಬಲಗೈ ಮೇಲೇಳುತ್ತಿಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಲಾರರು. ಎಂಆರ್‌ಐಯಲ್ಲಿ ‘ರೊಟೇಟರ್ ಕಫ್ ಪೂರ್ತಿ ಹರಿದಿದೆ’ ಎಂದು ಬಂದಿದೆ. ಆಪರೇಷನ್ ಬೇಕೇ? ನೆಂಟರು ಎಣ್ಣೆ ನೀವಿದರೆ ಸಾಕು ಎನ್ನುತ್ತಾರೆ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಈ ಪತ್ರದಲ್ಲಿ ಎಂಆರ್‌ಐಗಿಂತ ಮುಖ್ಯವಾದ ಸುದ್ದಿ ಜಾರಿ ಬಿದ್ದದ್ದು. ಅರವತ್ತು ದಾಟಿದ ಎಷ್ಟೋ ಮಂದಿಯ ಹೆಗಲನ್ನು ಸ್ಕ್ಯಾನ್ ಮಾಡಿದರೆ ರೊಟೇಟರ್ ಕಫ್, ಅಂದರೆ ಹೆಗಲ ಕೀಲನ್ನು ಸುತ್ತುವರಿದ ಸ್ನಾಯುರಜ್ಜು, ಹರಿದಿರುವುದು ಕಾಣುತ್ತದೆ, ಅವರಿಗೆ ನೋವೇ ಇರುವುದಿಲ್ಲ. ವಯಸ್ಸಿಗೆ ಸವೆದು ಹರಿದದ್ದಾದರೆ ಮೊದಲು ಮೂರು ತಿಂಗಳು ಫಿಜಿಯೋಥೆರಪಿ ಮಾಡಿಸಿ ನೋಡಬಹುದು. ಬಹಳ ಜನ ಅಷ್ಟಕ್ಕೇ ಸುಧಾರಿಸುತ್ತಾರೆ. ಬಿದ್ದ ಏಟಿಗೆ ಹರಿದು ಅಂದಿನಿಂದಲೇ ಕೈ ಸೋತಿದ್ದರೆ ಲೆಕ್ಕ ಬೇರೆ. ಮೂಳೆಯಿಂದ ಕಿತ್ತುಬಂದ ಸ್ನಾಯುರಜ್ಜು ದಿನಗಳೆದಂತೆ ಒಳಕ್ಕೆ ಸರಿಯುತ್ತದೆ, ಸ್ನಾಯು ಸೊರಗಿ ಅದರಲ್ಲಿ ಕೊಬ್ಬು ತುಂಬುತ್ತದೆ. ಆಮೇಲೆ ಹೊಲಿದರೂ ಬಲ ಮರಳುವುದು ಕಷ್ಟ. ಎಣ್ಣೆ ನೀವುತ್ತ ಇನ್ನಷ್ಟು ತಿಂಗಳು ಕಳೆಯುವುದು ಬೇಡ.

ಆದರೆ ಸಕ್ಕರೆ ಕಾಯಿಲೆಯವರಲ್ಲಿ ಹೆಗಲು ಗಟ್ಟಿಯಾಗಿ ಹಿಡಿದುಕೊಳ್ಳುವ ‘ಫ್ರೋಜನ್ ಶೋಲ್ಡರ್’ ಕೂಡ ಹೆಚ್ಚು. ವೈದ್ಯರು ಎತ್ತಿದರೆ ಸಲೀಸಾಗಿ ಮೇಲೇಳುವ ಕೈ ತಾನಾಗಿ ಏಳದಿದ್ದರೆ ದೋಷ ರಜ್ಜಿನದು. ವೈದ್ಯರು ಎತ್ತಿದರೂ ಏಳದಿದ್ದರೆ ಹೆಗಲು ಹಿಡಿದಿದೆ ಎಂದರ್ಥ. ಅದನ್ನು ಮೊದಲು ಸಡಿಲಿಸಬೇಕು.

ಹರಿದ ರಜ್ಜನ್ನು ಮೂಳೆಗೆ ಹೊಲಿಯುವ ವಿದ್ಯೆ ಹೊಸದಲ್ಲ. ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ 1909ರಲ್ಲೇ ಮಾಡಿದ್ದರು. ಈಗ ಹೆಚ್ಚಾಗಿ ಕೀಹೋಲ್ ಮೂಲಕ, ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ತೂರಿಸಿ, ದಾರ ಕಟ್ಟಿದ ‘ಆಂಕರ್’ಗಳನ್ನು ಮೂಳೆಗೆ ಕೂರಿಸಿ ಹೊಲಿಯುತ್ತಾರೆ. ಮೈಸೂರಿನ ಕ್ರಿಕೆಟಿಗ ಜಾವಗಲ್ ಶ್ರೀನಾಥ್ 1997ರಲ್ಲಿ ಬೌಲಿಂಗ್ ಹೆಗಲಿನ ರೊಟೇಟರ್ ಕಫ್ ಪೆಟ್ಟಿನಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2003ರ ವಿಶ್ವಕಪ್ ಫೈನಲ್‌ವರೆಗೂ ವೇಗವಾಗಿ ಎಸೆದರು. ಇಪ್ಪತ್ತೇಳರ ಹೆಗಲು ಅರವತ್ತೆರಡರದ್ದಲ್ಲ ಎಂಬುದೂ ನಿಜ: ವಯಸ್ಸು, ಹರಿದ ಜಾಗದ ಅಗಲ, ಬೀಡಿ-ಸಿಗರೇಟು, ಹತೋಟಿ ತಪ್ಪಿದ ಸಕ್ಕರೆ ಎಲ್ಲವೂ ಹೊಲಿಗೆ ಕೂಡುವುದನ್ನು ಕೆಡಿಸುತ್ತವೆ.

ರಜ್ಜು ಹರಿಯದೆ ಬರೀ ನೋವಿದ್ದವರಿಗೆ ಹೆಗಲ ಮೇಲಿನ ಮೂಳೆಯನ್ನು ಕೆರೆದು ಜಾಗ ಮಾಡುವ ಆಪರೇಷನ್ ಒಂದಿದೆ. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೂಳೆ ಕೆರೆಸಿಕೊಂಡವರಿಗೂ ಸುಮ್ಮನೆ ಕ್ಯಾಮೆರಾ ತೂರಿಸಿ ತೆಗೆಸಿಕೊಂಡವರಿಗೂ ಆದ ಗುಣ ಒಂದೇ. ಯಾರಾದರೂ ಇದನ್ನೊಂದನ್ನೇ ಸೂಚಿಸಿದರೆ ಎರಡನೆಯ ಅಭಿಪ್ರಾಯ ಕೇಳುವುದು ಲೇಸು.

ಹೊಲಿಯಲಾಗದಷ್ಟು ಹರಿದು ಕೀಲೂ ಸವೆದ ಹಿರಿಯರಿಗೆ ‘ರಿವರ್ಸ್’ ಭುಜ ಬದಲಾವಣೆ ಇದೆ. ಫ್ರಾನ್ಸಿನ ಪಾಲ್ ಗ್ರಾಮೋಂ 1980ರ ದಶಕದಲ್ಲಿ ರೂಪಿಸಿದ್ದು: ಗುಂಡು-ಬಟ್ಟಲುಗಳ ಸ್ಥಾನ ಅದಲುಬದಲಾಗಿ, ಹೊರಗಿನ ಡೆಲ್ಟಾಯ್ಡ್ ಸ್ನಾಯುವೇ ಕೈ ಎತ್ತುತ್ತದೆ. ತಂದೆಯವರಿಗೆ ಸದ್ಯ ಆ ಮಾತು ಬೇಡ.

ಹೊಲಿಸುವುದೇ ಆದರೆ ಮನೆಯವರು ಮೊದಲೇ ತಿಳಿದಿರಲಿ: ನಾಲ್ಕರಿಂದ ಆರು ವಾರ ಕೈ ಪಟ್ಟಿಯಲ್ಲೇ ಇರುತ್ತದೆ, ಊಟ ಎಡಗೈಯಲ್ಲಿ. ಫಿಜಿಯೋಥೆರಪಿ ತಿಂಗಳುಗಟ್ಟಲೆ. ಅಡಿಕೆ ಮೂಟೆ ಎತ್ತುವುದು ಸುಮಾರು ಆರು ತಿಂಗಳ ನಂತರ, ಸರ್ಜನ್ ಪರೀಕ್ಷಿಸಿ ಹೂಂ ಎಂದ ಮೇಲೆ.