ಡೇರಿಯ ಕಂಪ್ಯೂಟರ್ ತೆರೆಯದಿದ್ದರೆ ಹಾಲಿನ ಲೆಕ್ಕ ಹೋಯಿತೆಂದಲ್ಲ



ಸಾಮಾನ್ಯವಾಗಿ ರಾಸುಗಳ ಕಾಯಿಲೆಯ ಬಗ್ಗೆ ಬರೆಯುವ ನಾನು ಈ ಬಾರಿ ಡೇರಿಯ ಕಂಪ್ಯೂಟರಿಗೆ ಬರುವ ಒಂದು ಕಾಯಿಲೆಯನ್ನು ತಿಳಿಸುತ್ತಿದ್ದೇನೆ. ದಬ್ಬೇಘಟ್ಟ ಹೋಬಳಿಯ ಒಂದು ಹಳ್ಳಿಗೆ ಚಿಕಿತ್ಸೆಗೆಂದು ಹೋದಾಗ ಕಂಡದ್ದು ಇದು. ಬೆಳಗಿನ ಹಾಲು ಹಾಕಲು ಸದಸ್ಯರು ಸಾಲಾಗಿ ನಿಂತಿದ್ದರು. ಕಾರ್ಯದರ್ಶಿಗಳು ಪಾಸ್‌ವರ್ಡ್ ಸರಿಯಾಗಿಯೇ ಒತ್ತಿದರು. ಆದರೂ ‘ಯೂಸರ್ ಪ್ರೊಫೈಲ್ ಕೆನಾಟ್ ಬಿ ಲೋಡೆಡ್’ ಎಂಬ ಸಂದೇಶ ಬಂತು. ಬಟವಾಡೆಯ ಲೆಕ್ಕವೆಲ್ಲ ಹೋಯಿತೆಂದು ಗುಲ್ಲೆದ್ದಿತು. ಫಾರ್ಮ್ಯಾಟ್ ಮಾಡಿಸಿಬಿಡಿ ಎಂದು ಒಬ್ಬರು ಸಲಹೆಯನ್ನೂ ಕೊಟ್ಟರು. ಹಾಗೆ ಮಾಡಿದ್ದರೆ ಲೆಕ್ಕ ನಿಜವಾಗಿಯೂ ಹೋಗುತ್ತಿತ್ತು.

ಇದು ಏನು?

ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರ ಹೆಸರಿನಲ್ಲೂ ‘ಪ್ರೊಫೈಲ್’ ಎಂಬ ಕಡತಗಳ ಗುಂಪು ಇರುತ್ತದೆ. ಸಿ ಡ್ರೈವ್‌ನ ‘ಯೂಸರ್ಸ್’ ಫೋಲ್ಡರಿನಲ್ಲಿ ಅದರ ಜಾಗ. ಬಳಸುವವರ ಆಯ್ಕೆ, ಹೊಂದಾಣಿಕೆಗಳೆಲ್ಲ ಅದರೊಳಗಿನ ‘ಎನ್‌ಟಿಯೂಸರ್’ ಎಂಬ ಕಡತದಲ್ಲಿ ಇರುತ್ತವೆ. ಈ ಕಡತ ಕೆಟ್ಟರೆ ಪಾಸ್‌ವರ್ಡ್ ಸರಿಯಿದ್ದರೂ ವಿಂಡೋಸ್ ಒಳಗೆ ಬಿಡುವುದಿಲ್ಲ. ಕೆಲಸದ ನಡುವೆ ಕರೆಂಟು ಹೋಗುವುದು, ಸ್ವಿಚ್ ಒತ್ತಿ ನೇರವಾಗಿ ಆರಿಸುವುದು, ಹಾರ್ಡ್ ಡಿಸ್ಕ್ ಸವೆಯುವುದು, ವೈರಸ್ - ಇವು ಮುಖ್ಯ ಕಾರಣಗಳು.

ಅಟ್ಟದ ಬೀಗ ಕೆಟ್ಟರೆ ಒಳಗಿನ ಕೊಬ್ಬರಿ ಕೆಡುವುದಿಲ್ಲ. ಹಾಗೆಯೇ ಪ್ರೊಫೈಲ್ ಮಾತ್ರ ಕೆಟ್ಟಿದ್ದರೆ ಹಾಲಿನ ಲೆಕ್ಕ ಸಾಮಾನ್ಯವಾಗಿ ಡಿಸ್ಕಿನಲ್ಲಿ ಹಾಗೆಯೇ ಇರುತ್ತದೆ.

ಏನು ಮಾಡಬೇಕು?

1. ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಬಾರದು. ತೂಕದ ಯಂತ್ರ ಮತ್ತು ಪರೀಕ್ಷಾ ಯಂತ್ರ ತೋರಿಸುವ ಅಂಕಿಗಳನ್ನು ಪುಸ್ತಕದಲ್ಲಿ ಬರೆದು ಸದಸ್ಯರಿಗೆ ಚೀಟಿ ಕೊಡಬೇಕು.

2. ಕಂಪ್ಯೂಟರನ್ನು ಒಮ್ಮೆ ಕ್ರಮವಾಗಿ ಆರಿಸಿ ಮತ್ತೆ ಹಚ್ಚಿ ನೋಡಬೇಕು. ಕೆಲವು ಸಲ ಇಷ್ಟಕ್ಕೇ ಸರಿಹೋಗುತ್ತದೆ.

3. ಕೆಲವೊಮ್ಮೆ ಕಂಪ್ಯೂಟರ್ ತೆರೆದರೂ ‘ಟೆಂಪರರಿ ಪ್ರೊಫೈಲ್’ ಎಂದು ತೋರಿಸಿ, ಮೇಜಿನಂತಿರುವ ಪರದೆ ಬರಿದಾಗಿ ಕಾಣುತ್ತದೆ. ಆಗ ಡೆಸ್ಕ್‌ಟಾಪ್ ಅಥವಾ ಡಾಕ್ಯುಮೆಂಟ್ಸ್‌ನಲ್ಲಿ ಏನನ್ನೂ ಉಳಿಸಬೇಡಿ. ಹೊರಬಂದ ಕೂಡಲೇ ಅದು ಅಳಿಸಿಹೋಗುತ್ತದೆ.

4. ರಿಪೇರಿಗೆ ಮುನ್ನ ನಕಲು ತೆಗೆಯಬೇಕು. ಹಳೆಯ ಹೆಸರಿನ ಫೋಲ್ಡರನ್ನೂ ಹಾಲಿನ ಲೆಕ್ಕದ ಫೋಲ್ಡರನ್ನೂ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಲೆಕ್ಕದ ಫೋಲ್ಡರ್ ಎಲ್ಲಿದೆ ಎಂಬುದನ್ನು ಸಾಫ್ಟ್‌ವೇರ್ ಕೊಟ್ಟವರಿಂದ ಕೇಳಿ ತಿಳಿಯಿರಿ. ಕಂಪ್ಯೂಟರ್ ತೆರೆಯದೇ ಇದ್ದರೆ ಡಿಸ್ಕ್ ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನಕಲು ತೆಗೆಯಬಹುದು.

5. ಬೇರೊಂದು ಅಡ್ಮಿನಿಸ್ಟ್ರೇಟರ್ ಖಾತೆಯಿದ್ದರೆ ಅದರಿಂದ ಒಳಹೋಗಿ, ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ವಿಭಾಗದಲ್ಲಿ ಹೊಸ ಬಳಕೆದಾರರನ್ನು ಸೇರಿಸಿ. ಹೊಸ ಹೆಸರಿನಲ್ಲಿ ಒಮ್ಮೆ ಒಳಹೋಗಿ ಬಂದ ಮೇಲೆ ಹಳೆಯ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್‌ಗಳಲ್ಲಿರುವ ಕಡತಗಳನ್ನು ಅದಕ್ಕೆ ನಕಲು ಮಾಡಿ. ‘ಎನ್‌ಟಿಯೂಸರ್’ ಎಂದು ಆರಂಭವಾಗುವ ಕಡತಗಳನ್ನು ಮಾತ್ರ ತರಬೇಡಿ. ತಂದರೆ ಹಳೆಯ ಕಾಯಿಲೆ ಹೊಸದಕ್ಕೂ ಅಂಟುತ್ತದೆ.

6. ‘ರಿಜಿಸ್ಟ್ರಿ’ಯ ಪ್ರೊಫೈಲ್ ಪಟ್ಟಿಯಲ್ಲಿ ಒಂದೇ ಗುರುತಿನ ಸಂಖ್ಯೆ ಎರಡು ಸಲ ಇದ್ದು, ಒಂದರ ಕೊನೆಗೆ ‘ಬ್ಯಾಕ್’ ಎಂದಿದ್ದರೆ ಅದನ್ನು ತಿದ್ದಿ ಹಳೆಯ ಪ್ರೊಫೈಲನ್ನೇ ಮರಳಿ ಪಡೆಯುವ ದಾರಿಯೂ ಇದೆ. ಇದು ತಿಳಿದವರ ಕೆಲಸ. ಹಾಲುಜ್ವರಕ್ಕೆ ಕ್ಯಾಲ್ಸಿಯಂ ಔಷಧವನ್ನು ಅನುಭವವಿಲ್ಲದವರು ರಕ್ತನಾಳಕ್ಕೆ ವೇಗವಾಗಿ ಬಿಟ್ಟರೆ ಹಸುವಿನ ಹೃದಯ ನಿಂತೀತು. ರಿಜಿಸ್ಟ್ರಿಯಲ್ಲಿ ಕೈಯಾಡಿಸುವುದೂ ಹಾಗೆಯೇ.

ನಾನು ಕಂಡ ಸಂಘದಲ್ಲಿ ಐದನೆಯ ಕ್ರಮವೇ ಸಾಕಾಯಿತು. ಸಂಜೆಯ ಹಾಲಿನ ಹೊತ್ತಿಗೆ ಕಂಪ್ಯೂಟರ್ ತೆರೆಯಿತು. ಬೆಳಗಿನ ಪುಸ್ತಕದ ಅಂಕಿಗಳನ್ನು ಅದಕ್ಕೆ ಏರಿಸಿದರು.

ಬರುವ ಮುನ್ನ ತಡೆಯುವುದು

ಕಂಪ್ಯೂಟರಿಗೆ ಯುಪಿಎಸ್ ಇರಲಿ, ಅದರ ಬ್ಯಾಟರಿ ಕೆಲಸ ಮಾಡುತ್ತಿರಲಿ. ಪ್ರತಿದಿನ ಸಂಜೆ ಲೆಕ್ಕವನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಅದನ್ನು ಕಳಚಿ ಬೇರೆಡೆ ಇಡಬೇಕು. ಎರಡನೆಯ ಅಡ್ಮಿನಿಸ್ಟ್ರೇಟರ್ ಖಾತೆಯೊಂದನ್ನು ಈಗಲೇ ಮಾಡಿಸಿಡಿ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಸಾಮಾನ್ಯ ಬೆಂಬಲ ನಿಂತಿದೆ. ಹಳೆಯ ಕಂಪ್ಯೂಟರ್ ಇರುವ ಸಂಘಗಳು ಈ ಬಗ್ಗೆ ಯೋಚಿಸಬೇಕು.

ಸದಸ್ಯರ ಪಾಲೇನು?

ಇದು ಕಾರ್ಯದರ್ಶಿಗಳೊಬ್ಬರ ತಲೆನೋವು ಎಂದು ಸುಮ್ಮನಿರಬೇಡಿ. ಆ ಪೆಟ್ಟಿಗೆಯಲ್ಲಿರುವುದು ನಿಮ್ಮ ಹಾಲು, ನಿಮ್ಮ ಜಿಡ್ಡಿನ ಅಂಶ, ನಿಮ್ಮ ಹಣ. ಬಟವಾಡೆ ಕೈಸೇರಿ ತಾಳೆಯಾಗುವವರೆಗೆ ಚೀಟಿಗಳನ್ನು ಜೋಪಾನವಾಗಿಡಿ. ಮುಂದಿನ ಸಭೆಯಲ್ಲಿ ‘ನಿನ್ನೆಯ ಲೆಕ್ಕದ ನಕಲು ಎಲ್ಲಿದೆ?’ ಎಂದು ಒಂದು ಮಾತು ಕೇಳಿ. ಉತ್ತರ ಸಿಕ್ಕರೆ ನಿಮ್ಮ ಸಂಘ ಕ್ಷೇಮವಾಗಿದೆ ಎಂದು ತಿಳಿಯಿರಿ.