ರಣಹದ್ದಿನ ಸೀಮೆ ಕುಗ್ಗಿದ್ದೇಕೆ?



ಸಂತೆಕಟ್ಟೆಯ ಆಸುಪಾಸಿನಲ್ಲಿ ಸತ್ತ ದನವನ್ನು ಗುಡ್ಡಕ್ಕೆ ಎಳೆದು ಹಾಕಿದರೆ ಈಗ ಬರುವುದು ನಾಯಿ, ಕಾಗೆ. ರಣಹದ್ದು ಬರುವುದಿಲ್ಲ. ಬೋಳು ಕತ್ತಿನ ಆ ದೊಡ್ಡ ಹಕ್ಕಿಯನ್ನು ಕಡೆಯ ಬಾರಿ ಕಂಡದ್ದು ಯಾವಾಗ ಎಂದು ಮನೆಯ ಹಿರಿಯರನ್ನು ಕೇಳಿ ನೋಡಿರಿ.

ಒಂದು ಜಾತಿಯ ಪ್ರಾಣಿ ವಾಸಿಸುವ ಪ್ರದೇಶವನ್ನೆಲ್ಲ ಸೇರಿಸಿ ಅದರ ಸೀಮೆ ಎನ್ನೋಣ. ಜಾತಿ ಅಳಿಯುವ ಮುಂಚೆ ಸೀಮೆ ಕುಗ್ಗುತ್ತದೆ. ಬೇಸಗೆಯ ಕೆರೆಯಂತೆ ಅಂಚು ಬತ್ತಿ ನಡುವೆ ಉಳಿಯುತ್ತದೆಂದು ಪಂಡಿತರೂ ಬಹುಕಾಲ ಎಣಿಸಿದ್ದರು. 2000ದಲ್ಲಿ ರಾಬ್ ಚಾನೆಲ್, ಮಾರ್ಕ್ ಲೊಮೊಲಿನೊ ಎಂಬ ವಿಜ್ಞಾನಿಗಳು 245 ಜಾತಿಗಳ ಹಳೆಯ, ಹೊಸ ಸೀಮೆಗಳನ್ನು ಹೋಲಿಸಿದರು. ಹೆಚ್ಚಿನವು ಉಳಿದದ್ದು ಅಂಚಿನಲ್ಲಿ! ಗದ್ದೆಗೆ ರೋಗ ಬಿದ್ದಂತೆ ಕೆಡುಕು ಒಂದು ಕಡೆಯಿಂದ ಹಬ್ಬುತ್ತದೆ. ಅದು ಕಡೆಗೆ ತಲಪುವ ಮೂಲೆಯಲ್ಲಿ ಜೀವ ಉಳಿಯುತ್ತದೆ. ಆದುದರಿಂದ ಎಲ್ಲಿ ಉಳಿದಿದೆಯೆಂದು ನೋಡಿದರೆ ಕೊಂದದ್ದು ಯಾವುದೆಂಬ ಸುಳಿವು ಸಿಗುತ್ತದೆ.

ಬಿಳಿ ಬೆನ್ನಿನ ರಣಹದ್ದು ಒಂದು ಕಾಲಕ್ಕೆ ಭಾರತದಲ್ಲಿ ಊರೂರಿಗೂ ಇತ್ತು. 1990ರ ದಶಕದಲ್ಲಿ ಇಳಿಯತೊಡಗಿ, 2007ರ ಹೊತ್ತಿಗೆ ಸಾವಿರಕ್ಕೆ ಒಂದರಂತೆ ಉಳಿಯಿತು. ಕರ್ನಾಟಕದಲ್ಲಿ ಈಗ ಅದು ಮುಖ್ಯವಾಗಿ ಕಾಣುವುದು ಬಂಡೀಪುರ, ನಾಗರಹೊಳೆಯ ಕಡೆ. ಅಲ್ಲಿ ಹುಲಿ ತಿಂದುಳಿದ ಜಿಂಕೆ, ಕಾಟಿಗಳೇ ಅದರ ಊಟ. ಜಿಂಕೆಗೆ ಯಾರೂ ಇಂಜೆಕ್ಷನ್ ಚುಚ್ಚುವುದಿಲ್ಲ. ನಮ್ಮ ದನಕ್ಕೆ ಚುಚ್ಚುತ್ತೇವೆ.

ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದವರು 2004ರಲ್ಲಿ ಕಾರಣವನ್ನು ಪ್ರಕಟಿಸಿದರು. ಅದು ಡೈಕ್ಲೋಫೆನಾಕ್ ಎಂಬ ನೋವು-ಬಾವಿನ ಮದ್ದು. ಮದ್ದು ಕೊಟ್ಟ ಕೆಲದಿನಗಳಲ್ಲೇ ದನ ಸತ್ತರೆ ಅದು ಮಾಂಸದಲ್ಲಿ ಉಳಿದಿರುತ್ತದೆ. ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಕಟ್ಟುತ್ತದೆ, ಹಕ್ಕಿ ಸಾಯುತ್ತದೆ. ಒಂದು ಹೆಣಕ್ಕೆ ಹಿಂಡೇ ಇಳಿಯುವುದರಿಂದ ನೂರರಲ್ಲಿ ಒಂದು ಹೆಣ ಕೆಟ್ಟಿದ್ದರೂ ಹಾನಿ ದೊಡ್ಡದು. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ನಷ್ಟ ಬೇಗ ತುಂಬುವುದೆಂತು? ಹದ್ದೆಂದರೆ ಅಪಶಕುನವೆಂದು ಮೂಗು ಮುರಿಯುವವರು ಹೆಣ ಕೊಳೆತು ನಾರುವಾಗ ಏನೆನ್ನುವರೋ ಕಾಣೆ.

2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ಉದ್ದ ಕೊಕ್ಕಿನ ರಣಹದ್ದಿಗಾಗಿ ವನ್ಯಧಾಮವೆಂದು ಸಾರಿದರು. ಒಳ್ಳೆಯದೇ. ಆದರೆ ಗೂಡಿನ ಬಂಡೆಗೆ ಬೇಲಿ ಹಾಕಿದರೆ ಸಾಲದು. ಹದ್ದು ಮೇವಿಗಾಗಿ ಹತ್ತಾರು ಮೈಲಿ ಹಾರುತ್ತದೆ. ಆದುದರಿಂದಲೇ ಗೂಡಿನಿಂದ ಸುತ್ತಲೂ 100 ಕಿಲೋಮೀಟರು ದೂರದವರೆಗೆ ವಿಷಮದ್ದು ಇಲ್ಲದಂತೆ ಮಾಡುವ ಕ್ರಮ ಬಂದಿದೆ. ಅಂದರೆ ರಕ್ಷಣೆಯ ಸೀಮೆ ನಿಮ್ಮ ಹಟ್ಟಿಯವರೆಗೂ ಬರುತ್ತದೆ.

ದನಗಳಿಗೆ ಡೈಕ್ಲೋಫೆನಾಕ್ 2006ರಲ್ಲಿ ನಿಷೇಧವಾಯಿತು. ಮನುಷ್ಯರ ದೊಡ್ಡ ಬಾಟಲಿಯನ್ನು ದನಕ್ಕೆ ಬಳಸುವ ಚಾಳಿ ತಡೆಯಲು 2015ರಲ್ಲಿ ಬಾಟಲಿಯನ್ನೇ 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ದನಗಳಿಗೆ ನಿಷಿದ್ಧವಾದುವು. ಪಶುವೈದ್ಯರಲ್ಲಿ ಮೆಲಾಕ್ಸಿಕಾಮ್ ಕೇಳಿರಿ. ಅದು ಹದ್ದಿಗೆ ಅಪಾಯವಿಲ್ಲದ್ದು. ಮದ್ದು ಕೊಟ್ಟ ದನ ಸತ್ತರೆ ಆಳವಾಗಿ ಹೂಳಿರಿ. ಚಿರತೆಗೆಂದು ಹೆಣಕ್ಕೆ ವಿಷ ಹಾಕುವುದು ಸರ್ವಥಾ ಕೂಡದು.

ಬಿಳಿ ತಲೆ, ಕೆಂಪು ರೆಕ್ಕೆಯ ಗರುಡ ಬೇರೆ. ಅದನ್ನು ರಣಹದ್ದೆಂದು ಎಣಿಸಬೇಡಿರಿ. ನಿಜವಾದ ರಣಹದ್ದು ಕಂಡರೆ ದಿನ, ಸ್ಥಳ, ಎಷ್ಟು ಹಕ್ಕಿ ಎಂಬುದನ್ನು ಬರೆದು ಅರಣ್ಯ ಇಲಾಖೆಯವರಿಗೆ ಮುಟ್ಟಿಸಿರಿ.