ಚೆಕ್ಕುಬಂದಿಯ ಮೂರನೇ ದಿಕ್ಕು

ತುಮಕೂರಿನಲ್ಲಿ ಉಪನೋಂದಣಾಧಿಕಾರಿ ಕಚೇರಿ ಎದುರು ಮೇಜು ಹಾಕಿಕೊಂಡು ಇಪ್ಪತ್ತೆಂಟು ವರ್ಷ ಪತ್ರ ಬರೆದವನು ನಾನು. ಕ್ರಯಪತ್ರವೋ ದಾನಪತ್ರವೋ ವಿಭಾಗಪತ್ರವೋ, ಯಾವುದಾದರೂ ಕೊನೆಗೆ ಷೆಡ್ಯೂಲು, ಷೆಡ್ಯೂಲಿನಲ್ಲಿ ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ತೋಟ. ನಿದ್ದೆಗಣ್ಣಿನಲ್ಲೂ ಬರೆಯುತ್ತಿದ್ದೆ. 2019ರ ಫೆಬ್ರವರಿಯ ಒಂದು ಮಧ್ಯಾಹ್ನ ಪಶ್ಚಿಮ ಮುಗಿಸಿ ಮುಂದಕ್ಕೆ ಬಂದರೆ ಪದವೇ ಇಲ್ಲ. ಹಳ್ಳ ಕಣ್ಣ ಮುಂದಿದೆ, ಅದು ಯಾವ ದಿಕ್ಕು ಅನ್ನುವುದು ಬಾಯಿಗೆ ಬರುತ್ತಿಲ್ಲ. ಪೆನ್ನು ಜಾರಿ ಬಿತ್ತು. ಎತ್ತಿಕೊಳ್ಳಹೋದರೆ ಬಲಗೈ ಬೇರೆ ಯಾರದೋ ಅನ್ನಿಸಿತು. ಹತ್ತು ನಿಮಿಷ, ಅಷ್ಟೇ. ಕೈಯೂ ಬಂತು, ಪದವೂ ಬಂತು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಗೂಡಂಗಡಿಗೆ ಹೋಗಿ ಬೈಟೂ ಕಾಫಿ ಕುಡಿದು ಒಂದು ಸಿಗರೇಟು ಹಚ್ಚಿದೆ.

ನಮ್ಮ ಕಸುಬಿನಲ್ಲಿ ಬರೆಯುವುದಕ್ಕಿಂತ ಕಾಯುವುದೇ ಹೆಚ್ಚು. ಮಾರುವವರು ಬಂದರೆ ಕೊಳ್ಳುವವರು ಬಂದಿರುವುದಿಲ್ಲ. ಇಬ್ಬರೂ ಬಂದರೆ ಸಾಕ್ಷಿ ಊಟಕ್ಕೆ ಹೋಗಿರುತ್ತಾನೆ. ಎಲ್ಲರೂ ಸೇರಿದ ಹೊತ್ತಿಗೆ ಒಳಗಿನಿಂದ ‘ಸರ್ವರ್ ಇಲ್ಲ’ ಅನ್ನುತ್ತಾರೆ. ಇಂಥ ಪ್ರತಿಯೊಂದು ಸಂದಿಗೂ ಒಂದು ದಮ್ಮು. ಒಂದು ಕಾಲಕ್ಕೆ ದಿನಕ್ಕೆ ಹದಿನೆಂಟರವರೆಗೆ ಹೋಗಿತ್ತು. ಪಕ್ಕದ ಮೇಜಿನ ಗೆಳೆಯ ಶ್ವಾಸಕೋಶದ ಕ್ಯಾನ್ಸರಿನಿಂದ ಹೋದ ಮೇಲೆ ಹೆದರಿ ಮೂರು ನಾಲ್ಕಕ್ಕೆ ಇಳಿಸಿದೆ. ಅದರ ಬಗ್ಗೆ ನನಗೆ ವಿಪರೀತ ಹೆಮ್ಮೆ ಬೇರೆ. ಕೆಮ್ಮಿಲ್ಲ, ದಮ್ಮಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಇನ್ನೇನು ಭಯ? ಹೊಗೆ ಎದೆಗೆ ಹೋಗುತ್ತದೆ ಎಂಬುದಷ್ಟೇ ನನ್ನ ಲೆಕ್ಕ. ಎದೆಯಿಂದ ರಕ್ತಕ್ಕೆ, ರಕ್ತದಿಂದ ತಲೆಗೆ ಅನ್ನುವ ಮುಂದಿನ ದಾರಿಯನ್ನು ಯಾವತ್ತೂ ಯೋಚಿಸಿದವನಲ್ಲ.

ಇನ್ನೊಂದು ವಿಷಯ. ನಾನು ಪ್ಯಾಕು ಕೊಂಡವನೇ ಅಲ್ಲ. ಬಿಡಿ ಸಿಗರೇಟು ಮಾರುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಅಂಗಡಿ ಹುಡುಗ ಡಬ್ಬಿಯಿಂದ ಒಂದು ತೆಗೆದುಕೊಡುತ್ತಿದ್ದ, ನೇತುಹಾಕಿದ ಹಗ್ಗದ ಕೆಂಡಕ್ಕೆ ತಾಗಿಸಿ ಹಚ್ಚಿಕೊಳ್ಳುತ್ತಿದ್ದೆ. ಪ್ಯಾಕಿನ ಮೇಲೆ ಶೇ. 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರವಿರುತ್ತದೆ, ಕೆಳಗೆ ಚಟ ಬಿಡಲು ಸಹಾಯ ಮಾಡುವ ಫೋನ್ ನಂಬರ್ ಇರುತ್ತದೆ. ಊರಿನವರ ಕಾಗದಗಳನ್ನೆಲ್ಲ ಅಕ್ಷರ ಬಿಡದೆ ಓದುವ ನಾನು ಆ ಒಂದು ಕಾಗದವನ್ನು ಓದಿರಲಿಲ್ಲ.

ಪೆನ್ನು ಬಿದ್ದ ಒಂಬತ್ತನೇ ದಿನ, ಶನಿವಾರ. ಬೆಳಿಗ್ಗೆ ಆರೂವರೆಗೆ ಕಾಫಿ ಕುಡಿದು ಜಗಲಿಯ ಮೇಲೆ ಕೂತು ಮೊದಲನೆಯದನ್ನು ಹಚ್ಚಿದ್ದೆ. ಅದು ತುಟಿಯ ಬಲಗಡೆಯಿಂದ ಜಾರಿ ತೊಡೆಯ ಮೇಲೆ ಬಿದ್ದು ಪಂಚೆ ಸುಟ್ಟು ಚರ್ಮಕ್ಕೆ ತಾಗಿತ್ತು. ನನಗೆ ಗೊತ್ತೇ ಆಗಲಿಲ್ಲ. ಒಳಗಿನಿಂದ ಹೆಂಡತಿ “ಏನ್ರೀ ಅದು, ಬಟ್ಟೆ ಸುಟ್ಟ ವಾಸ್ನೆ?” ಎಂದು ಓಡಿ ಬಂದಳು. ಉತ್ತರ ಹೇಳಿದೆ ಅಂತಲೇ ನನ್ನ ಎಣಿಕೆ. ಅವಳಿಗೆ ಕೇಳಿಸಿದ್ದು ಬರೀ ತೊದಲು.

ಜನ ಸೇರಿದರು. ಲಕ್ವ ಹೊಡೆದಿದೆ, ಪಾರಿವಾಳದ ರಕ್ತ ಬಿಸಿಬಿಸಿಯಾಗಿ ಹಚ್ಚಬೇಕು ಅಂದರು ಒಬ್ಬರು. ನಾಟಿ ಔಷಧಿ ಕೊಡುವವರ ವಿಳಾಸ ಇನ್ನೊಬ್ಬರ ಹತ್ತಿರವಿತ್ತು. ಅಷ್ಟರಲ್ಲಿ ಬೆಂಗಳೂರಿನಿಂದ ಮಗಳ ಫೋನು. “ಅಪ್ಪನ್ನ ಮಾತಾಡಿಸು” ಅಂದವಳು ನನ್ನ ಎರಡು ಶಬ್ದ ಕೇಳಿದ್ದೇ “ಅಮ್ಮ, 108ಕ್ಕೆ ಫೋನ್ ಮಾಡು. ಸ್ಕ್ಯಾನಿಂಗ್ ಇರೋ ಆಸ್ಪತ್ರೆಗೇ ಕರ್ಕೊಂಡ್ಹೋಗು” ಎಂದು ಕೂಗಿದಳು. ಆದರೆ ಪಕ್ಕದ ಮನೆಯ ಕಾರು ಬಾಗಿಲಲ್ಲೇ ಇತ್ತು, ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿ ಗ್ಲೂಕೋಸ್ ಏರಿಸಿದರು, ಡಾಕ್ಟರಿಗೆ ಕಾದೆವು. ಅವರು ಬಂದು ‘ನಮ್ಮಲ್ಲಿ ಸಿಟಿ ಸ್ಕ್ಯಾನ್ ಇಲ್ಲ’ ಅನ್ನುವ ಹೊತ್ತಿಗೆ ಎರಡು ಗಂಟೆ ಹೋಗಿತ್ತು. ಬದುಕೆಲ್ಲ ಕಾದು ರೂಢಿಯಾದವನಿಗೆ ಆ ಎರಡು ಗಂಟೆಯ ಬೆಲೆ ಆಮೇಲೆ ತಿಳಿಯಿತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗ ಕೊಟ್ಟರೆ ಅಷ್ಟು ಮಿದುಳು ಉಳಿಯುತ್ತದೆ. ಅದನ್ನು ಕೊಡುವ ಮುಂಚೆ ತಲೆಯಲ್ಲಿ ಆಗಿರುವುದು ರಕ್ತಸ್ರಾವವಲ್ಲ ಎಂದು ಸ್ಕ್ಯಾನಿನಲ್ಲಿ ನೋಡಿಕೊಳ್ಳಲೇಬೇಕು. ನನಗೆ ಅದು ಸಿಕ್ಕಿದ್ದು ನಾಲ್ಕು ಗಂಟೆ ದಾಟಿದ ಮೇಲೆ.

ಮೂರನೇ ದಿನ ಕತ್ತಿನ ರಕ್ತನಾಳದ ಡಾಪ್ಲರ್ ಮಾಡಿದ ಡಾಕ್ಟರು ಎಡಗಡೆಯ ನಾಳದೊಳಗೆ ಗಾರೆ ಮೆತ್ತಿದ ಹಾಗೆ ಕೊಬ್ಬು ಕಟ್ಟಿರುವುದನ್ನು ತೋರಿಸಿದರು. ಬಿಪಿಯೂ ಇತ್ತಂತೆ, ಯಾವತ್ತೂ ನೋಡಿಸಿರಲಿಲ್ಲ. ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುವುದಾದರೆ, ನಿಕೋಟಿನ್ ರಕ್ತನಾಳವನ್ನು ಬಿಗಿ ಹಿಡಿದು ಒತ್ತಡ ಏರಿಸುತ್ತದೆ; ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಒತ್ತುವರಿ ಮಾಡುತ್ತದೆ; ರಕ್ತ ಅಂಟಂಟಾಗಿ ಬೇಗ ಹೆಪ್ಪುಗಟ್ಟುತ್ತದೆ. ಹತ್ತು ನಿಮಿಷ ಪೆನ್ನು ಬಿದ್ದಿದ್ದೂ ಲಕ್ವದ ಮುನ್ಸೂಚನೆಯೇ. “ತಾನಾಗೇ ಸರಿಹೋಯ್ತಲ್ಲ ಅಂತ ಮನೇಲಿ ಕೂರೋದೇ ತಪ್ಪು. ಅವತ್ತೇ ಬರಬೇಕಿತ್ತು” ಅಂದರು.

‘ಮೂರೇ ಸೇದ್ತಿದ್ದೆ ಸಾರ್’ ಎಂದು ಬೆರಳಿನಲ್ಲಿ ತೋರಿಸಿದೆ. ಅವರು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಲೆಕ್ಕ ಹೇಳಿದರು. ಅದನ್ನು ಗುಂಟೆಗೆ ಇಳಿಸಿಕೊಂಡ ಮೇಲೆ ನನಗೆ ಅರ್ಥವಾಯಿತು. ದಿನಕ್ಕೆ 20 ಸೇದುವವನಿಗೆ ಲಕ್ವದ ಹೆಚ್ಚುವರಿ ಅಪಾಯ ಒಂದು ಎಕರೆ, ಅಂದರೆ 40 ಗುಂಟೆ ಅನ್ನಿ. ಒಂದೇ ಸೇದುವವನ ಪಾಲಿಗೆ 2 ಗುಂಟೆ ಬರಬೇಕು, ನ್ಯಾಯವಾಗಿ. ಗಂಡಸರಲ್ಲಿ ಬರುವುದು ಸುಮಾರು 16 ಗುಂಟೆ! ಇಂಥ ವಿಭಾಗಪತ್ರವನ್ನು ಯಾವ ಕಕ್ಷಿದಾರನೂ ಒಪ್ಪಲಾರ. ನಾನು ವರ್ಷಾನುಗಟ್ಟಲೆ ಒಪ್ಪಿ ನಡೆದಿದ್ದೆ, ಪತ್ರಗಳಲ್ಲಿ ಬರೆಯುವ ಹಾಗೆ, ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ.

ಬಿಟ್ಟ ಕಥೆ ಅಷ್ಟೇನೂ ಶೂರತನದ್ದಲ್ಲ. ಐದನೇ ವಾರ ಕೋಲು ಹಿಡಿದು ಕಚೇರಿ ಕಡೆ ಹೋದಾಗ ಅಂಗಡಿ ಹುಡುಗ ಪ್ರೀತಿಯಿಂದ “ಬನ್ನಿ ಸಾರ್” ಎಂದು ಡಬ್ಬಿಗೆ ಕೈಹಾಕಿದ. ಇಸಿದುಕೊಂಡೆ. ಮೂರು ದಿನ ಕದ್ದು ಸೇದಿದೆ. ಹೆಂಡತಿ ಜಗಳವಾಡಲಿಲ್ಲ. ತೂತು ಬಿದ್ದ ಪಂಚೆಯನ್ನು ಹರಿದು ಮಸಿಬಟ್ಟೆ ಮಾಡಿಕೊಂಡಿದ್ದಳು, ದಿನಾ ಕಾಫಿ ಪಾತ್ರೆಯನ್ನು ಅದರಲ್ಲೇ ಹಿಡಿದು ಇಳಿಸುತ್ತಿದ್ದಳು. ಕೊನೆಗೆ ಮಗಳು ಪ್ಯಾಕಿನ ಮೇಲಿನ ನಂಬರಿಗೆ, 1800-11-2356ಕ್ಕೆ, ಫೋನ್ ಹಚ್ಚಿಕೊಟ್ಟಳು. ಆ ಕಡೆಯ ಹೆಣ್ಣುಮಗಳು ನನ್ನ ತೊದಲನ್ನು ತಾಳ್ಮೆಯಿಂದ ಕೇಳಿದರು. ಯಾವಾಗ ಸೇದಬೇಕು ಅನ್ನಿಸುತ್ತದೆ ಅಂದರು. ಕಾಯುವಾಗ, ಅಂದೆ. ಹಾಗಾದರೆ ಕಾಯುವ ಜಾಗ ಬದಲಿಸಿ ಅಂದರು. ಮೇಜನ್ನು ಕಾಂಪೌಂಡಿನ ಆಚೆ ತುದಿಗೆ, ಜೆರಾಕ್ಸ್ ಅಂಗಡಿ ಪಕ್ಕಕ್ಕೆ ಹಾಕಿಸಿದೆ. ಡಾಕ್ಟರನ್ನು ಕೇಳಿಕೊಂಡು ನಿಕೋಟಿನ್ ಗಮ್ ಕೆಲವು ವಾರ ಅಗಿದೆ. ಅದರ ರುಚಿ ದೇವರಿಗೇ ಪ್ರೀತಿ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರನ್ನು ದಶಕಗಟ್ಟಲೆ ಗಮನಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಟ್ಟ ಐದು ವರ್ಷಕ್ಕೆ ಲಕ್ವದ ಅಪಾಯ ಸೇದದವರ ಮಟ್ಟಕ್ಕೆ ಇಳಿಯಿತಂತೆ. ನನ್ನ ಐದು ವರ್ಷ ಮುಗಿದಿದೆ. ಕತ್ತಿನೊಳಗಿನ ಗಾರೆಗೆ, ಬಿಪಿಗೆ ಮಾತ್ರೆ ನಡೆದೇ ಇದೆ. ಕಾಲು ಬಂತು, ಕೈ ಮುಕ್ಕಾಲು ಬಂತು. ಅಕ್ಷರ ಬರಲಿಲ್ಲ. ಮಗಳ ಹೆಸರಿಗೆ ಮನೆ ಬರೆದುಕೊಟ್ಟ ದಾನಪತ್ರದ ಪ್ರತಿ ಪುಟಕ್ಕೂ, ಇಷ್ಟು ವರ್ಷ ಊರಿನವರಿಗೆ ಹಾಕಿಸಿದ ಹಾಗೆ, ಎಡಗೈ ಹೆಬ್ಬೆಟ್ಟು ಒತ್ತಿದೆ.

ಈಗ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೇನೆ. ನಾನು ಹೇಳುತ್ತೇನೆ, ಅವನು ಟೈಪ್ ಮಾಡುತ್ತಾನೆ. ಚೆಕ್ಕುಬಂದಿಯಲ್ಲಿ ಪೂರ್ವ, ಪಶ್ಚಿಮ ಸಲೀಸು. ಮೂರನೆಯದಕ್ಕೆ ಬಂದಾಗ ಈಗಲೂ ಒಂದೊಂದು ದಿನ ನಾಲಿಗೆ ನಿಲ್ಲುತ್ತದೆ. ಕೈಯೆತ್ತಿ ಆ ದಿಕ್ಕಿಗೆ ತೋರಿಸುತ್ತೇನೆ. ಹುಡುಗ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಾನೆ.